ಕಾವಲುಗಾರನಲ್ಲೇ ದೋಷವಿದ್ದರೆ?

1824ರ ಡಿಸೆಂಬರ್‌ನಲ್ಲಿ ಕಿತ್ತೂರು ಕೋಟೆ ಬಿದ್ದದ್ದು ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದ್ದರಿಂದ ಎಂದು ನಮ್ಮ ಬೈಲಹೊಂಗಲದ ಹಿರಿಯರು ಹೇಳುತ್ತಾರೆ. ಗೋಡೆ ಗಟ್ಟಿಯಿದ್ದರೂ ನಂಬಿದ್ದೇ ಕೆಟ್ಟರೆ ಕೋಟೆ ಉಳಿಯದು. ಕಂಪ್ಯೂಟರ್ ವಿಜ್ಞಾನ ಓದುವಾಗ ನನಗೆ ಈ ಮಾತು ನೆನಪಾಗುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ಸಾವಿರಾರು ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಹಾಕುವುದು, ರಕ್ಷಣೆ ಕೊಡುವುದು ಒಂದೇ ನಿರ್ವಹಣಾ ತಂತ್ರಾಂಶದ ಕೆಲಸ. ಅದು ಹೇಳಿದ್ದನ್ನು ಎಲ್ಲ ಯಂತ್ರಗಳೂ ಪಾಲಿಸುತ್ತವೆ. ಅಪಾಯವಿರುವುದೂ ಅಲ್ಲೇ.

ಕಸೇಯಾ ಕಂಪನಿಯ ವಿಎಸ್‌ಎ ಇಂಥದೊಂದು ತಂತ್ರಾಂಶ. ಅದರ ಲಾಗಿನ್ ಪರಿಶೀಲನೆಯಲ್ಲಿ ದೋಷವಿತ್ತು. 2021ರ ಜುಲೈ 2ರಂದು ಕಳ್ಳರು ಪಾಸ್‌ವರ್ಡ್ ಇಲ್ಲದೆ ಒಳನುಗ್ಗಿ, ಅಪ್‌ಡೇಟ್ ವೇಷದಲ್ಲಿ ರ‍್ಯಾನ್ಸಮ್‌ವೇರ್ ಹಂಚಿದರು. ನೂರಾರು ಸಂಸ್ಥೆಗಳ ಕಡತಗಳಿಗೆ ಬೀಗ ಬಿತ್ತು. ಸ್ವೀಡನ್ನಿನಲ್ಲಿ ಬಿಲ್ ಯಂತ್ರಗಳು ನಿಂತು ಕೂಪ್ ಮಳಿಗೆಗಳು ಬಾಗಿಲು ಮುಚ್ಚಿದವು. ನೆದರ್ಲೆಂಡ್ಸ್‌ನ ಸಂಶೋಧಕರು ಏಪ್ರಿಲ್‌ನಲ್ಲೇ ದೋಷ ತಿಳಿಸಿದ್ದರು. ತಿದ್ದುಪಡಿ ಮುಗಿಯುವ ಮೊದಲೇ ದಾಳಿ ನಡೆಯಿತು.

ಇದರಿಂದ ಕಲಿಯಬೇಕಾದದ್ದು ಮೂರು: ನಿರ್ವಹಣಾ ತಂತ್ರಾಂಶವನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದಿಡಬಾರದು, ತಿದ್ದುಪಡಿ ಬಂದ ಕೂಡಲೇ ಹಾಕಬೇಕು, ಬ್ಯಾಕಪ್ ಪ್ರತಿಯನ್ನು ನೆಟ್‌ವರ್ಕ್‌ನಿಂದ ದೂರವಿಡಬೇಕು.

ಸವದತ್ತಿಯಿಂದಲೋ ರಾಮದುರ್ಗದಿಂದಲೋ ಬಂದ ಗೆಳೆಯರೇ, ನಾಳೆ ನಿಮ್ಮೂರಿನ ಬ್ಯಾಂಕು, ಆಸ್ಪತ್ರೆಗಳ ಕಂಪ್ಯೂಟರ್ ಕಾಯುವವರು ನಾವೇ ಆಗಬಹುದು. ಲ್ಯಾಬಿನಲ್ಲಿ ‘ಅಪ್‌ಡೇಟ್ ಆಮೇಲೆ’ ಎಂದು ನಾನೂ ಎಷ್ಟೋ ಸಲ ಒತ್ತಿದ್ದೇನೆ. ಇನ್ನು ಒತ್ತುವುದಿಲ್ಲ.