ನಾಗಪುರದ ಹತ್ತಿ, ಲಿಂಕನ್ನರ ಲೆಕ್ಕ

ನಾಗಪುರದಲ್ಲಿ ಹಳಬರು ಜುಮ್ಮಾ ತಲಾವ್ ಎನ್ನುವ ಗಾಂಧಿಸಾಗರ ಕೆರೆಯ ಹತ್ತಿರ ಒಂದು ಬಟ್ಟೆ ಗಿರಣಿ ಇತ್ತು. ಹೆಸರು ಎಂಪ್ರೆಸ್ ಮಿಲ್. ಜಮ್‌ಶೆಟ್‌ಜಿ ಟಾಟಾ ಅದನ್ನು ತೆರೆದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ತಾನದ ಚಕ್ರವರ್ತಿನಿ ಎಂದು ಸಾರಿದ ದಿನ. ಅದಕ್ಕೆ ಸರಿಯಾಗಿ ಹದಿನಾಲ್ಕು ವರ್ಷ ಹಿಂದೆ, ಅದೇ ಜನವರಿ 1ರಂದು, ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ್ದರು. ತಾರೀಖು ಕೂಡಿಬಂದದ್ದು ಆಕಸ್ಮಿಕ. ಆದರೆ ಎರಡನ್ನೂ ಸೇರಿಸುವ ಒಂದು ನೂಲು ಇದೆ, ಅದು ಹತ್ತಿಯದು. ಈ ವಿಷಯಕ್ಕೆ ಹೊಸಬರಾದ ನೀವು ಆ ನೂಲನ್ನೇ ಹಿಡಿದು ನನ್ನ ಜೊತೆ ಬನ್ನಿ.

ಅಮೆರಿಕದ ಅಂತರ್ಯುದ್ಧ ಶುರುವಾದದ್ದು 1861ರಲ್ಲಿ. ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟಿದ್ದವು. ದೇಶದಲ್ಲಿ ಆಗ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಹತ್ತಿಯೆಲ್ಲ ಹೆಚ್ಚಾಗಿ ಅವರ ಬೆವರಿನ ಬೆಳೆ. ಲಿಂಕನ್‌ಗೆ ಗುಲಾಮಗಿರಿ ಕಂಡರೆ ಆಗುತ್ತಿರಲಿಲ್ಲ, ಅದರಲ್ಲಿ ಸಂಶಯ ಬೇಡ. ಆದರೂ 1862ರ ಆಗಸ್ಟಿನಲ್ಲಿ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ ಕಾಗದದಲ್ಲಿ, ಒಕ್ಕೂಟ ಉಳಿಸುವುದೇ ತಮ್ಮ ಗುರಿ, ಗುಲಾಮರ ವಿಷಯದಲ್ಲಿ ಏನು ಮಾಡಿದರೂ ಅದಕ್ಕಾಗಿಯೇ ಎಂದು ತಿಳಿಸಿದರು. ಆ ಹೊತ್ತಿಗಾಗಲೇ ಘೋಷಣೆಯ ಕರಡು ಸಿದ್ಧವಾಗಿತ್ತು! ಯುದ್ಧದಲ್ಲಿ ಒಂದು ಗೆಲುವು ಸಿಗಲೆಂದು ಕಾದಿದ್ದರು ಅಷ್ಟೆ.

ಘೋಷಣೆಯನ್ನು ಓದುವಾಗ ಅದು ಯಾರನ್ನು ಕೈಬಿಟ್ಟಿದೆ ಎಂದು ಮೊದಲು ನೋಡಿ. ಅದು ಬಂಡೆದ್ದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಗುಲಾಮರಿಗೆ ಅದರಿಂದ ಬಿಡುಗಡೆ ಇರಲಿಲ್ಲ. ಅಲ್ಲಿನ ಒಡೆಯರು ಮುನಿದು ದಕ್ಷಿಣದ ಕಡೆ ವಾಲಿದರೆ ಯುದ್ಧವೇ ಕೈತಪ್ಪುವ ಭಯ. ಅಧ್ಯಕ್ಷರಿಗಿದ್ದ ಯುದ್ಧಕಾಲದ ಅಧಿಕಾರವೂ ಶತ್ರುವಿನ ಮೇಲಷ್ಟೇ ನಡೆಯುತ್ತಿತ್ತು. ಘೋಷಣೆಯಿಂದ ಸೈನ್ಯಕ್ಕೂ ಲಾಭವಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕಪ್ಪು ಗಂಡಸರು ಒಕ್ಕೂಟದ ಸೈನ್ಯ ಸೇರಿದ್ದರು.

ಇನ್ನು ಹತ್ತಿಯ ಲೆಕ್ಕ. ಬ್ರಿಟನ್ನಿನ ಗಿರಣಿಗಳಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಅರಳೆ ಅಮೆರಿಕದಿಂದಲೇ ಹೋಗುತ್ತಿತ್ತು. ಯುದ್ಧದಿಂದ ಅದು ನಿಂತು ಹೋದಾಗ, ಬ್ರಿಟನ್ ದಕ್ಷಿಣಕ್ಕೆ ಮಾನ್ಯತೆ ಕೊಟ್ಟುಬಿಟ್ಟೀತು ಎಂಬ ಆತಂಕ ಲಿಂಕನ್‌ಗಿತ್ತು. ಯುದ್ಧ ಗುಲಾಮಗಿರಿಯ ವಿರುದ್ಧ ಎಂದಾದರೆ ಬ್ರಿಟನ್ ಯಾವ ಮುಖ ಇಟ್ಟುಕೊಂಡು ಗುಲಾಮರ ಒಡೆಯರ ಪಕ್ಕ ನಿಂತೀತು? ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡ ಮ್ಯಾಂಚೆಸ್ಟರ್‌ನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಹಸಿದ ಹೊಟ್ಟೆಯಲ್ಲಿ ಬರೆದ ಆ ಪತ್ರವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಗಿರಣಿ ಮಾಲೀಕರ ಕಣ್ಣು ಮಾತ್ರ ನಮ್ಮ ಎರೆ ಭೂಮಿಯ ಮೇಲೆ ಬಿತ್ತು: ನಾಗಪುರ, ವರ್‍ಹಾಡ, ನಮ್ಮ ಧಾರವಾಡ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿಬೀಜ ಬಿತ್ತುತ್ತಿದ್ದರು. ಘಟ್ಟ ಇಳಿದು ಕುಮಟಾ ಬಂದರಿನಿಂದ ಹೊರಟ ನಾಟಿ ಅರಳೆಗೆ ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಎಂದೇ ಹೆಸರು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಟಾಟಾ ಮನೆತನದ ವ್ಯಾಪಾರಕ್ಕೂ ದೊಡ್ಡ ಪೆಟ್ಟು ಬಿತ್ತು. ನಾಗಪುರಕ್ಕೆ ರೈಲು ಬಂದದ್ದು 1867ರಲ್ಲಿ; ಅದಾದ ಹತ್ತು ವರ್ಷಕ್ಕೆ ಅಲ್ಲಿನ ಹತ್ತಿಯ ನಡುವೆಯೇ ಎಂಪ್ರೆಸ್ ಮಿಲ್ ತೆರೆಯಿತು.

ಇಷ್ಟೆಲ್ಲ ಕೇಳಿ, ಬಿಡುಗಡೆ ಬರೀ ರಾಜಕಾರಣಿಗಳ ಚದುರಂಗ ಎಂದುಕೊಳ್ಳಬೇಡಿ. 1861ರ ಮೇ ತಿಂಗಳ ಒಂದು ರಾತ್ರಿಗೆ ಬನ್ನಿ. ವರ್ಜೀನಿಯಾದಲ್ಲಿ ದಕ್ಷಿಣದ ಸೈನ್ಯಕ್ಕೆ ಫಿರಂಗಿ ಕಟ್ಟೆ ಕಟ್ಟುತ್ತಿದ್ದ ಫ್ರ್ಯಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ದೋಣಿ ಹತ್ತಿ, ಒಕ್ಕೂಟದ ವಶದಲ್ಲಿದ್ದ ಮನ್ರೋ ಕೋಟೆಗೆ ಹುಟ್ಟು ಹಾಕಿದರು. ಘೋಷಣೆಗೆ ಇನ್ನೂ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲವಿತ್ತು. ಓಡಿಹೋದ ಗುಲಾಮರನ್ನು ಹಿಂದಿರುಗಿಸುವ ಕಾನೂನಿದೆ ಎಂದು ದಕ್ಷಿಣದ ಮೇಜರ್ ಒಬ್ಬ ಬಿಳಿ ಬಾವುಟ ಹಿಡಿದು ಕೇಳಲು ಬಂದ. ಕೋಟೆಯ ಸೇನಾಪತಿ ಬೆಂಜಮಿನ್ ಬಟ್ಲರ್ ವೃತ್ತಿಯಲ್ಲಿ ವಕೀಲ. ನೀವು ಬೇರೆ ದೇಶ ಎನ್ನುತ್ತೀರಿ, ನಮ್ಮ ಕಾನೂನು ನಿಮಗೇಕೆ ಎಂದ. ಅವರು ನಿಮ್ಮ ಆಸ್ತಿ ಎನ್ನುವುದಾದರೆ, ಯುದ್ಧಕ್ಕೆ ಬಳಸಿದ ಶತ್ರುವಿನ ಆಸ್ತಿಯನ್ನು ಜಪ್ತಿ ಮಾಡುವ ಹಕ್ಕು ನನಗಿದೆ ಎಂದ. ಮೇಜರ್ ಬರಿಗೈಯಲ್ಲಿ ಮರಳಿದ. ಸುದ್ದಿ ಸುತ್ತಲಿನ ಗುಲಾಮರ ಗುಡಿಸಲುಗಳಿಗೆ ಮುಟ್ಟಿತು. ಕೆಲವೇ ದಿನಗಳಲ್ಲಿ ಹತ್ತಾರು ಜನ, ಹೆಂಗಸರು ಮಕ್ಕಳು ಸಮೇತ, ಆ ಕೋಟೆಯ ದಾರಿ ಹಿಡಿದರು.