ಒಂದೇ ಬೆಂಚು, ಮೂರು ದರ

2019ರ ಮಾರ್ಚ್ ತಿಂಗಳು. ಟಿಕೋಟಾ ಹತ್ತಿರದ ನಮ್ಮ ತೋಟದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆಗಷ್ಟೇ ಬಲೆಯಿಂದ ಕೆಳಗಿಳಿದಿತ್ತು. ಮಗ ವಿಜಯಪುರದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುತ್ತಿದ್ದ. ಅದೇ ವಾರ ಬೆಂಗಳೂರಿನಿಂದ ಫೋನು ಬಂತು. ಹೆಸರಾಂತ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಇನ್ನು ನಾಲ್ಕೇ ಉಳಿದಿವೆ, ಈ ವಾರ ಒಂದೂವರೆ ಲಕ್ಷ ಕಟ್ಟಿದರೆ ಹಿಡಿದಿಡುತ್ತೇವೆ ಎಂದರು.

ಮಗ ಹತ್ತನೆಯ ತರಗತಿಯಿಂದಲೂ ಮೊದಲ ಸಾಲಿನ ಹುಡುಗ. ಆದರೂ ನನಗೆ ಭಯ. ಅಣ್ಣ ಹೇಳಿದ: "ತಮ್ಮಾ, ಮಾಲು ಕೊಟ್ಟು ರೊಕ್ಕ ಕಟ್ಟಿಬಿಡು. ಹುಡುಗನ ವರ್ಷ ಹಾಳಾಗೂದು ಬ್ಯಾಡ." ತಾಸಗಾಂವ ಪೇಟೆಗೆ ಎಲ್ಲರ ಮಾಲೂ ಒಟ್ಟಿಗೇ ಬಂದು ಬೀಳುವ ಹೊತ್ತು ಅದು. 1,100 ಕೆ.ಜಿ. ಒಣದ್ರಾಕ್ಷಿಯನ್ನು ₹140ರ ದರಕ್ಕೆ ಕೊಟ್ಟು ಬಂದೆವು. ಒಂದು ಕೆ.ಜಿ. ಒಣದ್ರಾಕ್ಷಿಗೆ ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಬೇಕು. ಅಂದರೆ ನಾಲ್ಕು ಟನ್ನಿಗೂ ಹೆಚ್ಚಿನ ಹಣ್ಣು ಒಂದು ರಸೀದಿಯಾಯಿತು.

ಸಿಇಟಿ ರ‍್ಯಾಂಕ್ ಬಂತು. ಮಗನಿಗೆ ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿತು. ಅದೇ ಕಾಲೇಜು, ಅದೇ ಕಂಪ್ಯೂಟರ್ ಸೈನ್ಸ್. ಕಟ್ಟಿದ ಹಣವನ್ನು ಶುಲ್ಕಕ್ಕೆ ಹೊಂದಿಸಿಕೊಳ್ಳಿ ಎಂದು ಕೇಳಲು ಹೋದಾಗ ಕೌಂಟರಿನಲ್ಲಿದ್ದವರು ನನ್ನ ರಸೀದಿಯನ್ನೇ ನನ್ನತ್ತ ತಿರುಗಿಸಿದರು. ಅದರಲ್ಲಿ 'ಸಂಸ್ಥೆಯ ಅಭಿವೃದ್ಧಿಗೆ ಸ್ವಇಚ್ಛೆಯ ದೇಣಿಗೆ' ಎಂದಿತ್ತು. ಕೆಳಗೆ ನನ್ನದೇ ಸಹಿ. ಹಣ ಹೋಯಿತು. ದಸರಾ ಹೊತ್ತಿಗೆ ಒಣದ್ರಾಕ್ಷಿ ₹185ಕ್ಕೆ ಏರಿದ್ದರಿಂದ ಮಾಲಿನಲ್ಲಿ ಕಳೆದುಕೊಂಡ ₹49,500 ಬೇರೆ. ಒಟ್ಟು ಸುಮಾರು ಎರಡು ಲಕ್ಷ.

ಬಬಲೇಶ್ವರದ ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತು ವರ್ಷ ಬೇರೆಯವರ ಸಾಲದ ಕಾಗದ ಓದಿದವನು ನಾನು. ನನ್ನ ಮಗನ ವಿಷಯದಲ್ಲಿ ಒಂದು ಪುಟವನ್ನೂ ಓದಲಿಲ್ಲ. ಈ ಅಂಕಣವನ್ನು ಬರೆಯುತ್ತಿರುವುದು ಆ ನೋವಿನಿಂದಲೇ. ಜಾಣ ಮಕ್ಕಳಿರುವ ಮನೆಗಳಲ್ಲೇ ಈ ತಪ್ಪು ಹೆಚ್ಚು ನಡೆಯುತ್ತದೆ ಎಂಬುದನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ದರ ಯಾಕೆ ಮೂರು

ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದು ಬೆಂಚಿನ ಮೇಲೆ ಮೂವರು ಕೂತಿರುತ್ತಾರೆ ಎಂದುಕೊಳ್ಳಿ. ಅಲ್ಪಸಂಖ್ಯಾತರದಲ್ಲದ ಅನುದಾನರಹಿತ ಕಾಲೇಜಿನಲ್ಲಿ ನೂರರಲ್ಲಿ 45 ಸೀಟು ಸರ್ಕಾರದ್ದು, ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). 30 ಸೀಟು ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ. ಉಳಿದ 25 ಆಡಳಿತ ಮಂಡಳಿಯವು. ಪಾಠ, ಪ್ರಯೋಗಾಲಯ, ಕೊನೆಗೆ ಸಿಗುವ ಪದವಿ ಎಲ್ಲವೂ ಒಂದೇ. ಆದರೆ ಮೊದಲಿನವರು ವರ್ಷಕ್ಕೆ ಲಕ್ಷದ ಆಸುಪಾಸು ಕಟ್ಟಿದರೆ ಎರಡನೆಯವರು ಎರಡು-ಎರಡೂವರೆ ಲಕ್ಷ ಕಟ್ಟುತ್ತಾರೆ. ಮೂರನೆಯವರ ದರವನ್ನು ಕಾಲೇಜಿನ ಹೆಸರು, ಕೋರ್ಸಿನ ಬೇಡಿಕೆ ಮತ್ತು ತಂದೆತಾಯಿಯ ಆತಂಕ ಸೇರಿ ತೀರ್ಮಾನಿಸುತ್ತವೆ.

ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಬಂದದ್ದು 1984ರಲ್ಲಿ. ಸಿಇಟಿ ಶುರುವಾದದ್ದು 1994ರಲ್ಲಿ. ಹಣವಿಲ್ಲದ ಮನೆಯ ಮಗುವಿಗೂ ಒಳ್ಳೆಯ ಕಾಲೇಜಿನಲ್ಲಿ ಕೂರಲು ಒಂದು ದಾರಿ ಆಯಿತು. ಪ್ರವೇಶ ಪಡೆದು ಗಡುವಿನೊಳಗೆ ಬಿಟ್ಟವರಿಂದ ₹1,000ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂಬ ಎಐಸಿಟಿಇ ನಿಯಮವೂ ಇದೆ. ಆದರೆ ದೇಣಿಗೆ ಎಂದು ಬರೆದ ರಸೀದಿ ಆ ನಿಯಮದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಎರಡು ಸಲ ಓದಿ.

ಮಗು ಆ ಕಾಲೇಜಿಗೆ ಸೇರುತ್ತದೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ. ಯಾವ ದರಕ್ಕೆ ಸೇರುವ ಸಾಧ್ಯತೆ ಎಷ್ಟಿದೆ ಎಂದು ಕೇಳಿದಾಗಲೇ ಪ್ರಶ್ನೆ ಪೂರ್ತಿಯಾಗುವುದು.

ರಟ್ಟಿನ ಪೆಟ್ಟಿಗೆಯ ಮೇಲಿನ ಲೆಕ್ಕ

ಐದು ವರ್ಷದ ನಂತರ, 2024ರಲ್ಲಿ, ಮಗಳ ಸರದಿ. ಜೆಇಇ ಮೇನ್‌ನಲ್ಲಿ 92 ಪರ್ಸೆಂಟೈಲ್ ಬಂತು. ಊರಲ್ಲಿ ಸುದ್ದಿ ಹಬ್ಬಿತು. ತೊಂಬತ್ತೆರಡು ಬಂದೈತಿ, ಇನ್ನ ಐಐಟಿ ಪಕ್ಕಾ ಎಂದು ಬೀಗರು ಪೇಢೆ ತಂದರು. ಅಣ್ಣನಿಗೂ ಅದೇ ನಂಬಿಕೆ. ಆತ ಶೆಡ್ಡಿನಲ್ಲಿ ಮಾಲು ತುಂಬಿಸುತ್ತಿದ್ದ. ಮಗಳು ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಪೆನ್ನಿನಿಂದ ಬರೆಯತೊಡಗಿದಳು.

"ದೊಡ್ಡಪ್ಪಾ, ನಮ್ಮ ಮಾಲು ಎಷ್ಟ ಚಲೋ ಐತಿ ಅನ್ನೂದರ ಮ್ಯಾಲಷ್ಟ ದರ ಬರ್ತೈತೇನ್ರಿ?"

"ಎಲ್ಲಿದವಾ. ಅವತ್ತ ಪ್ಯಾಟಿಗೆ ಎಷ್ಟ ಮಾಲು ಬಂದೈತಿ, ನಮಗಿಂತ ಚಲೋ ಮಾಲು ಎಷ್ಟ ಐತಿ, ಅದರ ಮ್ಯಾಲ."

"ಇದೂ ಹಂಗ ನೋಡ್ರಿ. ತೊಂಬತ್ತೆರಡು ಅಂದ್ರ ನಂದು ಅಂಕ ಅಲ್ಲ. ನೂರು ಮಂದಿ ಸಾಲಾಗಿ ನಿಂತ್ರ ಎಂಟು ಮಂದಿ ನನ್ನ ಮುಂದ ಅದಾರ."

ಆ ವರ್ಷ ಪರೀಕ್ಷೆ ಬರೆದವರು 14 ಲಕ್ಷಕ್ಕೂ ಹೆಚ್ಚು. ಅದರ ನೂರಕ್ಕೆ ಎಂಟು ಎಂದರೆ ಲಕ್ಷಕ್ಕಿಂತ ಹೆಚ್ಚು ಮಂದಿ ಅವಳ ಮುಂದೆ. 23 ಐಐಟಿಗಳಲ್ಲಿ ಆ ವರ್ಷ 17,740 ಸೀಟು, 31 ಎನ್‌ಐಟಿಗಳಲ್ಲಿ ಸುಮಾರು 24 ಸಾವಿರ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದ್ದರೂ ಅವಳ ಸ್ಥಾನಕ್ಕೆ ಅದು ದೂರ. ಇನ್ನೊಂದು ಮಾತನ್ನೂ ಅವಳು ಬರೆದಳು. ನಾವು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ. ಆ ಪಟ್ಟಿಯಲ್ಲಿರುವ ಎಷ್ಟೋ ಸಮುದಾಯಗಳ ಹೆಸರು ಕೇಂದ್ರದ ಒಬಿಸಿ ಪಟ್ಟಿಯಲ್ಲಿಲ್ಲ, ಹಾಗಾಗಿ ಜೆಇಇಯಲ್ಲಿ ಅವಳು ಸಾಮಾನ್ಯ ವರ್ಗ. ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಐದು ಎಕರೆಗಿಂತ ಕಡಿಮೆ ಜಮೀನಿರಬೇಕು, ನಮ್ಮದು ಹೆಚ್ಚು. ಅಣ್ಣ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿ, "ಹಂಗಾದ್ರ ಇದು ನಮ್ಮ ಪ್ಯಾಟಿ ಅಲ್ಲ ಬಿಡವಾ, ನಮ್ಮ ಪ್ಯಾಟಿ ಯಾವುದು ಹೇಳು" ಎಂದ. ಆ ಒಂದು ಮಾತಿನಿಂದ ನಮ್ಮ ಮನೆಯ ಲೆಕ್ಕ ಸರಿದಾರಿಗೆ ಬಂತು.

ನಮ್ಮ ಪೇಟೆ ಸಿಇಟಿ. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹೀಗಾಗಿ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ಕಂಡವರಿಗೆ ಅಲ್ಲೇ ಪೆಟ್ಟು. 2024ರಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಹಿಂದಿನ ವರ್ಷ ಇಷ್ಟು ಅಂಕಕ್ಕೆ ಆ ಕಾಲೇಜು ಸಿಕ್ಕಿತ್ತು ಎಂಬ ಮಾತೆಲ್ಲ ಆ ಸಲ ನಿಲ್ಲಲಿಲ್ಲ. ನೋಡಬೇಕಾದದ್ದು ರ‍್ಯಾಂಕನ್ನು. ಪ್ರತಿ ಕಾಲೇಜಿನ ಪ್ರತಿ ಕೋರ್ಸು ಯಾವ ವರ್ಗದಲ್ಲಿ ಯಾವ ರ‍್ಯಾಂಕಿಗೆ ಮುಗಿಯಿತು ಎಂಬುದನ್ನು ಕೆಇಎ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. 2019ರಲ್ಲಿ ನಾನು ಅದನ್ನು ತೆರೆದು ನೋಡಿದ್ದರೆ ಮಗನಿಗೆ ಆ ಸೀಟು ಸಿಗುವ ಸಾಧ್ಯತೆ ಚೆನ್ನಾಗಿದೆ ಎಂದು ಅವತ್ತೇ ಗೊತ್ತಾಗುತ್ತಿತ್ತು.

ಮಗಳು ಮೂರು ವರ್ಷದ ಪಟ್ಟಿ ಹಿಡಿದು, ಅದೇ ವರ್ಗ ಅದೇ ಸುತ್ತು ನೋಡಿ, ಅದೇ ಪೆಟ್ಟಿಗೆಯ ಮೇಲೆ ಮೂರು ಸಾಲು ಮಾಡಿದಳು. ಮೂರೂ ವರ್ಷ ತನ್ನ ರ‍್ಯಾಂಕಿಗೆ ಸಿಕ್ಕಿದ್ದು, ಒಂದು ವರ್ಷ ಸಿಕ್ಕು ಒಂದು ವರ್ಷ ತಪ್ಪಿದ್ದು, ಎಂದೂ ಸಿಗದಿದ್ದು. ಕಾಲೇಜು-ಕೋರ್ಸುಗಳ ಆಯ್ಕೆ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಸಿಗದಿದ್ದನ್ನೂ ಮೇಲೆ ಹಾಕಿದಳು, ಅದಕ್ಕೆ ದಂಡವಿಲ್ಲ. ಆದರೆ ಸಿಕ್ಕರೂ ಸೇರಲು ಮನಸ್ಸಿಲ್ಲದ ಒಂದು ಕಾಲೇಜನ್ನೂ ಹಾಕಲಿಲ್ಲ. ಕೊನೆಯಲ್ಲಿ ನಮ್ಮ ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು ಇತ್ತು, ಮನೆಯಿಂದಲೇ ಹೋಗಿ ಬರಬಹುದಾದದ್ದು. ಕೆಇಎ ಮೊದಲು ಅಣಕು ಹಂಚಿಕೆ ಪ್ರಕಟಿಸುತ್ತದೆ, ಅದನ್ನು ನೋಡಿ ಕ್ರಮ ತಿದ್ದಿಕೊಳ್ಳಲು ಅವಕಾಶವಿದೆ. ಸಿಕ್ಕ ಸೀಟನ್ನು ಕೈಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವ 'ಚಾಯ್ಸ್ 2' ಕೂಡ ಇದೆ. ಎರಡನೆಯ ಸುತ್ತಿನಲ್ಲಿ ಅವಳಿಗೆ ಬೆಂಗಳೂರಿನ ಯುವಿಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಸರ್ಕಾರಿ ಕಾಲೇಜು.

ಕಾಗದಕ್ಕೂ ಬೆಲೆ ಇದೆ

ಮಗಳಿಗೆ ನೆರವಾದ ಇನ್ನೊಂದು ಸಂಗತಿ ಅವಳ ಶಾಲೆ. ಮಗನನ್ನು ಎಂಟನೆಯ ತರಗತಿಗೆ ನಗರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೆ. ಮಗಳು ಅಜ್ಜಿಯನ್ನು ಬಿಟ್ಟು ಬರಲೊಲ್ಲೆ ಎಂದು ಹಳ್ಳಿಯಲ್ಲೇ ಹತ್ತನೆಯವರೆಗೆ ಕನ್ನಡದಲ್ಲಿ ಓದಿದಳು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತು, ಪೂರ್ತಿ ಹತ್ತು ವರ್ಷ ಬೇಕು. ಬಿಇಒ ಮೇಲುಸಹಿಯ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಇವನ್ನು ಡಿಸೆಂಬರಿನಲ್ಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಜಿಲ್ಲೆಯವರಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ. ಪಕ್ಕದ ಕಲಬುರಗಿಯವರಿಗೆ ಇರುವ, ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ವಿಜಯಪುರ ಜಿಲ್ಲೆಗೆ ಇಲ್ಲ. ಅದನ್ನು ನೆಚ್ಚಿ ಕಾಲೇಜು ಲೆಕ್ಕ ಹಾಕಬೇಡಿ.

ಕುಟುಂಬದ ಆದಾಯ ₹8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟುಗಳ ಕಡೆ ನೋಡಲೇಬೇಕು. ಎಂಜಿನಿಯರಿಂಗ್ ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5, ಬೋಧನಾ ಶುಲ್ಕ ಮಾಫಿ. ಐಐಟಿ, ಎನ್‌ಐಟಿ ದುಬಾರಿ ಎಂದು ಹೆದರುವವರೂ ಇದ್ದಾರೆ. ಅಲ್ಲಿ ಆದಾಯ ₹1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, ₹5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ರ‍್ಯಾಂಕ್ ಇರುವ ಬಡ ಮಗುವಿಗೆ ಅವು ಎಷ್ಟೋ ಖಾಸಗಿ ಕಾಲೇಜಿಗಿಂತ ಅಗ್ಗ.

ಸಾಲ ಮಾಡುವ ಮೊದಲು

ಎಲೆಕ್ಟ್ರಾನಿಕ್ಸ್ ಯಾಕೆ, ಕಾಮೆಡ್‌ಕೆಯಲ್ಲಿ ಕಂಪ್ಯೂಟರ್ ಸೈನ್ಸೇ ಕೊಡಿಸಬಾರದಿತ್ತೇ ಎಂದು ಕೇಳಿದವರಿದ್ದರು. ಅದು ನಾಲ್ಕು ವರ್ಷಕ್ಕೆ ಹತ್ತು ಲಕ್ಷದ ಮಾತು. ₹5 ಲಕ್ಷ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು ₹8,300. ಓದುವ ಅವಧಿಯ ಬಡ್ಡಿ ಇದರ ಮೇಲೆ. ₹20 ಲಕ್ಷವಾದರೆ ಕಂತು ₹33 ಸಾವಿರ ದಾಟುತ್ತದೆ. ಹೊಸದಾಗಿ ಸೇರಿದ ಎಷ್ಟೋ ಎಂಜಿನಿಯರುಗಳ ಕೈಗೆ ಬರುವ ಸಂಬಳ 25ರಿಂದ 30 ಸಾವಿರ. ಮೊದಲ ಸಂಬಳದ ಮೂರನೇ ಒಂದು ಪಾಲಿಗಿಂತ ಕಂತು ಹೆಚ್ಚಾಗುವ ಸಾಲವನ್ನು ನಮ್ಮ ಮನೆಯಲ್ಲಿ ಮಾಡುವುದಿಲ್ಲ ಎಂದು ತೀರ್ಮಾನಿಸಿದೆವು.

ಸಾಲ ಬೇಕೇ ಬೇಕಾದರೆ ಬ್ಯಾಂಕಿನದೇ ಇರಲಿ. ಊರಲ್ಲಿ 'ನೂರಕ್ಕೆ ಎರಡು' ಎನ್ನುವ ಕೈಗಡ ಕೇಳಲು ಸಣ್ಣದು, ವರ್ಷಕ್ಕೆ ಅದು ಶೇ 24. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಆಸ್ತಿ ಅಡಮಾನವೂ ಜಾಮೀನುದಾರರೂ ಬೇಡ. ಆದಾಯ ₹8 ಲಕ್ಷದೊಳಗಿದ್ದರೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನ ಉಂಟು. ರಾಜ್ಯದ ನಿಗಮಗಳ 'ಅರಿವು' ಸಾಲದ ಬಡ್ಡಿ ಶೇ 2. ಮೊದಲು ಈ ಬಾಗಿಲು ತಟ್ಟಿ.

ದ್ರಾಕ್ಷಿ ಬೆಳೆಯುವವರಿಗೆ ಇನ್ನೊಂದು ಮಾತು. ನಮ್ಮ ಕೈಗೆ ದುಡ್ಡು ಬರುವುದು ಮಾರ್ಚ್-ಏಪ್ರಿಲ್‌ನಲ್ಲಿ, ಕಾಲೇಜಿನ ಶುಲ್ಕ ಜುಲೈನಿಂದ ಸೆಪ್ಟೆಂಬರಿನೊಳಗೆ, ಅದರ ಬೆನ್ನಿಗೇ ಅಕ್ಟೋಬರಿನ ಚಾಟ್ನಿ (ಬಳ್ಳಿ ಸವರುವ) ಖರ್ಚು. 2024ರಲ್ಲಿ ನಾವು ಒಂದಿಷ್ಟು ಪೆಟ್ಟಿಗೆಗಳನ್ನು ಮಗಳ ಶುಲ್ಕಕ್ಕೆಂದೇ ಕೋಲ್ಡ್ ಸ್ಟೋರೇಜಿನಲ್ಲಿಟ್ಟೆವು, ಮೊದಲ ವರ್ಷದ ಹಾಸ್ಟೆಲ್ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಏಪ್ರಿಲಿನಲ್ಲೇ ಮಾರಿ ಹಣ ಬ್ಯಾಂಕಿಗೆ ಹಾಕಿದೆವು. ಕಾದರೆ ದರ ಏರಿಯೇ ಏರುತ್ತದೆ ಎಂಬ ಭರವಸೆ ಇಲ್ಲ, ಅದಕ್ಕೇ ಪೂರ್ತಿ ಮಾಲನ್ನು ಕಾಯಿಸಲಿಲ್ಲ. ಆದರೆ ಬೇರೆಯವರು ಹೇಳಿದ ಗಡುವಿಗೆ ಹೆದರಿ ಒಂದು ಕಿಲೋ ಕೂಡ ಮಾರಲಿಲ್ಲ.

ಓದಿಗಾಗಿ ಆಸ್ತಿ ಮಾರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವಚನಗಳನ್ನು ಅಚ್ಚು ಹಾಕಿಸಲು ಮನೆ ಮಾರಿದ ಫ.ಗು. ಹಳಕಟ್ಟಿಯವರ ಊರು ನಮ್ಮ ವಿಜಯಪುರ. ಅವರು ಏನನ್ನು ಉಳಿಸಲು ಮಾರುತ್ತಿದ್ದೇನೆ ಎಂದು ತಿಳಿದು ಮಾರಿದರು. ನಾನು ಭಯಕ್ಕೆ ಮಾರಿದೆ.

ಕಳೆದ ತಿಂಗಳು ಬಬಲೇಶ್ವರದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗ ಪಿಯುಸಿ, ತರಗತಿಗೆ ಮೊದಲಿಗ. "ಸಾಹೇಬ್ರ, ನಾಡದ ಒಳಗ ಒಂದ್ ಲಕ್ಷ ತುಂಬಬೇಕಂತ. ಹಿಂದಗಡೆ ಸಿಗಂಗಿಲ್ಲಂತ" ಎಂದರು. ಚೆಕ್ಕು ಬರೆದು ತಂದಿದ್ದರು, ಸಹಿಯೂ ಆಗಿತ್ತು. ನಾನು ಒಳಗಿನಿಂದ ಮಗಳ ಆ ರಟ್ಟಿನ ಪೆಟ್ಟಿಗೆಯನ್ನು ತಂದು ಅವರ ಮುಂದಿಟ್ಟೆ. ಬರೆದದ್ದು ಮಾಸಿದ್ದರೂ ಮೂರು ಸಾಲು ಕಾಣುತ್ತವೆ. ಹುಡುಗ ಬೇಗ ಅರ್ಥ ಮಾಡಿಕೊಂಡು ತಾಯಿಗೆ ತಾನೇ ವಿವರಿಸಿದ. ಆಕೆ ಚೆಕ್ಕನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಬಲೇಶ್ವರದ ಬಸ್ಸು ಹತ್ತಿದರು. ಅವನ ಸಿಇಟಿ ಇನ್ನೂ ಆಗಬೇಕು. ಆ ಒಂದು ಲಕ್ಷ ಅವರ ಖಾತೆಯಲ್ಲೇ ಇದೆ.