ಹಾಲು ಕಾಯಿಸಲು ಡಿಜಿಟಲ್ ಉಷ್ಣತಾಮಾಪಕ

ಮನೆಯಲ್ಲಿ ಹಾಲನ್ನು ಪಾಶ್ಚರೀಕರಿಸುವ ಹೈನುಗಾರರು ಅದನ್ನು 63 ಡಿಗ್ರಿ ಸೆಂ. ಉಷ್ಣತೆಯಲ್ಲಿ 30 ನಿಮಿಷ ಕಲಕುತ್ತಾ ಕಾಯಿಸಬೇಕು. ಮಾಪಕವು 3 ಡಿಗ್ರಿ ಹೆಚ್ಚು ತೋರಿಸಿದರೆ ಹಾಲು 60 ಡಿಗ್ರಿಯಲ್ಲೇ ಉಳಿದು, ರೋಗಾಣುಗಳು ಸಾಯದಿರಬಹುದು.

ಆಯ್ಕೆ: ಉದ್ದನೆಯ ಸ್ಟೀಲ್ ಕಡ್ಡಿಯಿದ್ದು, 0 ಯಿಂದ 100 ಡಿಗ್ರಿಯವರೆಗೆ ಅಳೆಯುವಂತಹುದನ್ನು ಕೊಳ್ಳಬೇಕು. ಜ್ವರ ನೋಡುವ ಮಾಪಕ ಇದಕ್ಕೆ ಒದಗದು.

ಪರೀಕ್ಷೆ: ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ನೀರು ಸೇರಿಸಿ, ಕಡ್ಡಿಯನ್ನು ನಡುವೆ ಹಿಡಿದರೆ 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆ ಎಲ್ಲೆಡೆ ಒಂದೇ ಅಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇದು ಮಾಪಕದ ದೋಷವಲ್ಲ.

ಪಾಲನೆ: ಬಳಸುವ ಮೊದಲು ಹಾಗೂ ನಂತರ ಕಡ್ಡಿಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಂಕಿ ಕಾಣುವ ಭಾಗವನ್ನು ನೀರಿನಲ್ಲಿ ಮುಳುಗಿಸಬಾರದು. ಅಂಕಿ ಮಂಕಾದರೆ ಸೆಲ್ ಬದಲಾಯಿಸಬೇಕು.